ಐರ್ಲೆಂಡ್‌ನಂಥ ಪುಟ್ಟ ದೇಶದ ಸೈನಿಕರು ಲೆಬನಾನ್‌ನಲ್ಲಿ ಯಾಕೆ?

ಪ್ರಶ್ನೆ (ಮದ್ದೂರು): ನಮ್ಮ ಭಾವ 2012ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನೀಲಿ ಟೋಪಿ ಹಾಕಿ ದಕ್ಷಿಣ ಲೆಬನಾನ್‌ನಲ್ಲಿದ್ದರು. ಅಲ್ಲಿ ಐರ್ಲೆಂಡಿನವರೂ ಇದ್ದರಂತೆ. ಮೈಸೂರು, ಮಂಡ್ಯ ಜಿಲ್ಲೆ ಸೇರಿಸಿದರೆ ಎಷ್ಟು ಜನವೋ ಹೆಚ್ಚುಕಮ್ಮಿ ಅಷ್ಟೇ ಆ ದೇಶದ ಜನ. ನ್ಯಾಟೋ ಸೇನಾ ಒಕ್ಕೂಟದಲ್ಲೂ ಇಲ್ಲ. ಮತ್ತೆ ಯಾಕೆ ಹೋಗ್ತಾರೆ?

ಉತ್ತರ (ಮೈಸೂರು, ನಿವೃತ್ತ ಇತಿಹಾಸ ಮೇಷ್ಟ್ರು): ನ್ಯಾಟೋದಲ್ಲಿ ಇಲ್ಲದ್ದೇ ಅವರ ಬಲ. ತಟಸ್ಥ ದೇಶ, ವಸಾಹತು ಆಳಿದ್ದಲ್ಲ, ಆಳಿಸಿಕೊಂಡದ್ದು. 1955ರಲ್ಲಿ ವಿಶ್ವಸಂಸ್ಥೆ ಸೇರಿ, 1958ರಲ್ಲೇ ಲೆಬನಾನ್‌ಗೆ ವೀಕ್ಷಕರನ್ನು ಕಳಿಸಿತು. ಬೆಲೆಯನ್ನೂ ತೆತ್ತಿದೆ. 1960ರ ನವೆಂಬರ್‌ನಲ್ಲಿ ಕಾಂಗೋದ ನಿಯೆಂಬಾದಲ್ಲಿ 9 ಮಂದಿ ಐರಿಷ್ ಸೈನಿಕರು ಸತ್ತರು. ಮರುವರ್ಷ ಕಾಂಗೋದ್ದೇ ಜಾಡೋವಿಲ್ ಪಟ್ಟಣದಲ್ಲಿ ಅವರ ಸುಮಾರು 155 ಜನ ಐದು ದಿನ ಮುತ್ತಿಗೆ ತಡೆದರು, ಒಬ್ಬರೂ ಸಾಯಲಿಲ್ಲ. ಗುಂಡು, ನೀರು ಮುಗಿದ ಮೇಲೆ ಶರಣಾದರು. ಅದನ್ನು ಸೋಲು ಅಂತ ದಶಕಗಳ ಕಾಲ ಮೂಲೆಗೆ ತಳ್ಳಿದ್ದು ಅನ್ಯಾಯ. ಅದೇ ಕಾಂಗೋದಲ್ಲಿ ನಮ್ಮ ಕ್ಯಾಪ್ಟನ್ ಸಲಾರಿಯಾ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದರು.

ಉತ್ತರ (ಶ್ರೀರಂಗಪಟ್ಟಣ): ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಸೈಪ್ರಸ್‌ನಲ್ಲಿ ಶಾಂತಿಪಡೆಯ ಮುಖ್ಯಸ್ಥರಾಗಿದ್ದರಲ್ಲ, ಆ ಪಡೆಯಲ್ಲೂ ಐರಿಷ್‌ನವರಿದ್ದರು. ತಿಮ್ಮಯ್ಯನವರು 1965ರಲ್ಲಿ ಅಲ್ಲೇ ತೀರಿಕೊಂಡರು.

ಪ್ರಶ್ನೆ ಕೇಳಿದವರು: ತಿಮ್ಮಯ್ಯನವರ ವಿಷಯ ಗೊತ್ತಿರಲಿಲ್ಲ ಸಾರ್. ಇವತ್ತೇ ಭಾವನಿಗೆ ಫೋನ್ ಮಾಡ್ತೀನಿ.