ಪದಚರ್ಚೆ: ಪ್ರಶಸ್ತಿ ಬಂದದ್ದು ಗೇಮಿಗಾ, ಆಟಕ್ಕಾ?

ಗೆಳೆಯರೇ, ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಿತ್ತು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ ಹುಡುಗರ ಪುಟ ನಾನು ನೋಡಿಕೊಳ್ಳುತ್ತೇನೆ. ಈ ಸಲ ‘ದಿ ಗೇಮ್ ಅವಾರ್ಡ್ಸ್’ ಬಗ್ಗೆ ಬರೆಯಿರಿ ಅಂತ ಹುಡುಗರೇ ಕೇಳಿದರು. ವಿಡಿಯೋ ಗೇಮ್‌ಗಳಿಗೆ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುವ ಸಮಾರಂಭ ಅದು. ಜೆಫ್ ಕೀಲಿ ಅನ್ನುವವರು 2014ರಲ್ಲಿ ಶುರು ಮಾಡಿದರು. ಈಗ ಪ್ರತಿ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆಯುತ್ತದೆ. ಅಲ್ಲಿ ಗುರುವಾರ ಸಂಜೆ, ನಮಗೆ ಶುಕ್ರವಾರ ಬೆಳಿಗ್ಗೆ. ನಮ್ಮ ಹುಡುಗರು ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ನೋಡುತ್ತಾರೆ. 2025ರಲ್ಲಿ ‘ಕ್ಲೇರ್ ಒಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’ ಎಂಬ ಫ್ರಾನ್ಸಿನ ಗೇಮಿಗೆ ಒಟ್ಟು 9 ಪ್ರಶಸ್ತಿ ಬಂತು. ಅಲ್ಲಿ ಒಂದೇ ಗೇಮಿಗೆ ಅಷ್ಟು ಪ್ರಶಸ್ತಿ ಹಿಂದೆ ಬಂದದ್ದಿಲ್ಲ. ಅದರಲ್ಲಿ ದೊಡ್ಡದು ‘ಗೇಮ್ ಆಫ್ ದಿ ಇಯರ್’.

ಇದನ್ನು ನಾನು ‘ವರ್ಷದ ಅತ್ಯುತ್ತಮ ಆಟ’ ಅಂತ ಬರೆದೆ. ಅಚ್ಚಿಗೆ ಕಳಿಸುವ ಮುಂಚೆ ಅತ್ತೆಗೆ ಓದಿ ಹೇಳಿದೆ. ಅತ್ತೆ ಕುಂದಾಪುರದ ಕಡೆಯವರು, ಮುಂಬೈಗೆ ಬಂದು 40 ವರ್ಷವಾಯಿತು. ಮೆಟ್ಟುಕತ್ತಿಯಲ್ಲಿ ತೊಂಡೆಕಾಯಿ ಸೀಳುತ್ತಾ ಕೇಳುತ್ತಿದ್ದವರು ಕೈ ನಿಲ್ಲಿಸಿ, “ಯಾವ ಮೇಳದ್ದು ಮಾರಾಯಾ?” ಅಂದರು.

ಕರಾವಳಿಯವರಿಗೆ ಇದು ಅರ್ಥವಾಗುತ್ತದೆ. ಆಟ ಅಂದರೆ ನಮ್ಮಲ್ಲಿ ಮೊದಲು ಯಕ್ಷಗಾನ, ಆಮೇಲೆ ಉಳಿದದ್ದು. ಮೇಳ ಅಂದರೆ ಅದನ್ನು ಆಡುವ ತಂಡ. ಉತ್ತರ ಕರ್ನಾಟಕದವರಿಗೆ ದೊಡ್ಡಾಟ, ಸಣ್ಣಾಟ ಇವೆ. ಟಾಕೀಸಿನಲ್ಲಿ ಮೊದಲ ಆಟ, ಎರಡನೇ ಆಟ. ಮರಾಠಿಯವರೂ ಸಿನಿಮಾದ ಒಂದು ಪ್ರದರ್ಶನಕ್ಕೆ ‘ಖೇಳ್’ ಅಂತಲೇ ಹೇಳುತ್ತಾರೆ.

“ಯಕ್ಷಗಾನ ಅಲ್ಲ ಅತ್ತೆ, ಟಿವಿಯಲ್ಲಿ, ಕಂಪ್ಯೂಟರಿನಲ್ಲಿ ಆಡೋದು” ಅಂದೆ. ಅವರು ಕೂಡಲೇ, “ಹಾಂಗಾರೆ ಆಡಿದವರಿಗಲ್ದಾ ಕೊಡೂದು?” ಅಂದರು.

ಈ ಮಾತು ನನ್ನನ್ನು ಎರಡು ದಿನ ಕಾಡಿತು. ಅತ್ತೆ ಹೇಳಿದ್ದು ಸರಿ ಅಂತ ಈಗ ಅನ್ನಿಸುತ್ತಿದೆ. ಓಡು, ಓಟ. ನೋಡು, ನೋಟ. ಕೂಡು, ಕೂಟ. ಹಾಗೆಯೇ ಆಡು, ಆಟ. ಅದು ಮಾಡುವ ಕೆಲಸದ ಹೆಸರು, ಮಾಡಿಟ್ಟ ವಸ್ತುವಿನ ಹೆಸರಲ್ಲ. ವಸ್ತುವಿಗೆ ನಮ್ಮ ಹಿರಿಯರು ಬೇರೆ ಪದ ಇಟ್ಟಿದ್ದರು. ಚೆನ್ನೆಮಣೆಯಲ್ಲಿ ವಸ್ತು ಮಣೆ. ಪಗಡೆಯಲ್ಲಿ ಹಾಸು. ಇಸ್ಪೀಟಿನಲ್ಲಿ ಎಲೆ. ಎದುರು ಬದುರು ಕೂತು ಆಡತೊಡಗಿದರೆ ಮಾತ್ರ ಆಟ. ಯಕ್ಷಗಾನದಲ್ಲೂ ಅಷ್ಟೇ. ಬರೆದದ್ದು ಪ್ರಸಂಗ, ರಾತ್ರಿ ರಂಗದ ಮೇಲೆ ನಡೆದದ್ದು ಆಟ.

ಮಕ್ಕಳ ಬಾಯಲ್ಲಿ ಈ ಭೇದ ಈಗಲೂ ಇದೆ. ‘ಗೇಮ್ ಡೌನ್‌ಲೋಡ್ ಮಾಡಿದೆ’ ಅನ್ನುತ್ತಾರೆ. ‘ಆಟ ಡೌನ್‌ಲೋಡ್ ಮಾಡಿದೆ’ ಅಂತ ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ. ಕಂಪನಿ ತಯಾರಿಸಿದ್ದು ಗೇಮ್, ನಾವು ಕೂತು ಆಡಿದ್ದು ಆಟ. ಹಾಗಾಗಿ ನನ್ನ ವಾದ ಇಷ್ಟು: ಪ್ರಶಸ್ತಿ ವಸ್ತುವಿಗೆ ಬರುವುದರಿಂದ ‘ವರ್ಷದ ಅತ್ಯುತ್ತಮ ಗೇಮ್’ ಅಂತಲೇ ಬರೆಯೋಣ. ಗೇಮ್ ಎಂಬ ಪದ ಕನ್ನಡದ ವಿಭಕ್ತಿಗೆ ಚೆನ್ನಾಗಿ ಒಗ್ಗಿದೆ: ಗೇಮಿಗೆ, ಗೇಮಿನಲ್ಲಿ, ಗೇಮಿನಿಂದ. ಇದರಿಂದ ಇನ್ನೊಂದು ಲಾಭವೂ ಇದೆ. ‘ಗೇಮ್‌ಪ್ಲೇ’ಗೆ ಕನ್ನಡ ಏನು ಅಂತ ನಾವು ‘ಆಡುವ ಬಗೆ’, ‘ಆಟದ ಪರಿ’ ಅಂತೆಲ್ಲ ಹುಡುಕಿದ್ದೇವೆ. ಅಷ್ಟು ದೂರ ಹೋಗಬೇಕಾಗಿಲ್ಲ. ‘ಈ ಗೇಮಿನ ಕಥೆ ಸುಮಾರು, ಆಟ ಮಾತ್ರ ಬಹಳ ಚೆನ್ನಾಗಿದೆ’ ಅಂತ ಹೇಳಿ ನೋಡಿ. ಕೆಲಸ ಆಗುತ್ತದೆ, ಅಲ್ವಾ?

‘ಗೆದ್ದಿತು’ ಎಂಬುದನ್ನೂ ನಾನು ಹೊಡೆದು ಹಾಕಿದೆ. ಆಟ ಗೆಲ್ಲುವವರು ಆಡುವವರು. ಆಡಿಸಿಕೊಳ್ಳುವ ವಸ್ತು ಗೆದ್ದಿತು ಅಂದರೆ ಯಾರನ್ನು ಸೋಲಿಸಿತು ಅಂತ ಪ್ರಶ್ನೆ ಬರುತ್ತದೆ. ‘ಗೇಮಿಗೆ ಪ್ರಶಸ್ತಿ ಬಂತು’ ಅಂದರೆ ಸಾಕು.

ದೊಡ್ಡ ಪ್ರಶಸ್ತಿಗೆ ಮೊದಲು 6 ಗೇಮ್‌ಗಳನ್ನು ಆರಿಸುತ್ತಾರೆ. ‘ನಾಮನಿರ್ದೇಶಿತ’ ಅಂದರೆ ನನಗೆ ವಿಧಾನ ಪರಿಷತ್ತು ನೆನಪಾಗುತ್ತದೆ. ‘ಕಣದಲ್ಲಿದ್ದ 6 ಗೇಮ್‌ಗಳು’ ಅಂತ ಬರೆದಿದ್ದೇನೆ. ಕಣದಲ್ಲಿ ತೂರಿ ಕಾಳು, ಜೊಳ್ಳು ಬೇರೆ ಮಾಡುತ್ತಾರಲ್ಲ, ಇಲ್ಲೂ ಅದೇ ಕೆಲಸ. ತೀರ್ಪುಗಾರರ ಮತಕ್ಕೆ ಶೇ. 90, ಜನರ ಮತಕ್ಕೆ ಶೇ. 10 ತೂಕ.

ಇನ್ನು ನಮ್ಮ ಊರಿನದೇ ಒಂದು ತೊಡಕು. ಇಲ್ಲಿನ ಮಕ್ಕಳು ಶಾಲೆಯಲ್ಲಿ ‘ಬಕ್ಷೀಸ್ ಸಮಾರಂಭ’ ಅಂತ ಕೇಳಿ ಬೆಳೆದವರು. ಮರಾಠಿಯಲ್ಲಿ ಬಕ್ಷೀಸ್ ಅಂದರೆ ಬಹುಮಾನ. ಕನ್ನಡದಲ್ಲಿ ಬಕ್ಷೀಸು ಅಂದರೆ ಖುಷಿಗೆ ಕೈಗಿಟ್ಟ ದುಡ್ಡು, ಹೋಟೆಲಿನ ಹುಡುಗನಿಗೆ ಕೊಟ್ಟ ಹಾಗೆ. ನಮ್ಮ ‘ಪ್ರಶಸ್ತಿ’ಗೆ ಅವರು ‘ಪುರಸ್ಕಾರ್’ ಅನ್ನುತ್ತಾರೆ. ಅವರ ‘ಪ್ರಶಸ್ತಿ’ಯಲ್ಲಿ ಹೊಗಳಿಕೆಯ ಅರ್ಥ ಇನ್ನೂ ಉಳಿದಿದೆ, ನಮ್ಮ ಶಾಸನಗಳಲ್ಲಿ ರಾಜನ ಪ್ರಶಸ್ತಿ ಇರುತ್ತದಲ್ಲ, ಹಾಗೆ. ಒಬ್ಬ ಹುಡುಗ ‘ಗೇಮಿಗೆ 9 ಬಕ್ಷೀಸು’ ಅಂತ ಬರೆದುಕೊಟ್ಟ. ತಿದ್ದಲು ಮನಸ್ಸು ಬರುತ್ತಿಲ್ಲ. ಮುಂಬೈ ಕನ್ನಡ ಅಂತ ಬಿಟ್ಟರೆ ಕರ್ನಾಟಕದ ಓದುಗರಿಗೆ ಅರ್ಥ ಬೇರೆಯಾಗುತ್ತದೆ.

ಪುಣೆ, ಸೊಲ್ಲಾಪುರದ ಕಡೆಯ ಕನ್ನಡಿಗರು ಬಹುಮಾನಕ್ಕೆ ಬಕ್ಷೀಸು ಅನ್ನುತ್ತೀರಾ? ಮನೆಯಲ್ಲಿ ಯಾರಾದರೂ ವಸ್ತುವಿಗೇ ‘ಆಟ’ ಅಂತ ಸಹಜವಾಗಿ ಹೇಳುವುದನ್ನು ಕೇಳಿದ್ದೀರಾ? ವಾಕ್ಯವನ್ನು ಅವರು ಹೇಳಿದ ಹಾಗೆಯೇ ಬರೆದು ಕಳಿಸಿ. ಪುಟ ಅಚ್ಚಿಗೆ ಹೋಗಲು ಇನ್ನೊಂದು ವಾರ ಇದೆ.