ಅಪ್‌ಡೇಟ್: ಗ್ರೀಕ್ ಮಸಾಲೆ ಈಗ ಗಂಟು ಕಟ್ಟುತ್ತಿಲ್ಲ

ಮನೆಯಲ್ಲಿ ಬೆರೆಸಿದ ಗ್ರೀಕ್ ಒಣಸೊಪ್ಪಿನ ಮಸಾಲೆ ಡಬ್ಬಿಯಲ್ಲೇ ಗಂಟಾಗುತ್ತಿದೆ ಅಂತ ಕೇಳಿದ್ದೆನಲ್ಲ, ಸರಿಹೋಯ್ತು. ಕೆಲಸ ಮಾಡಿದ್ದು ಮಸಾಲೆಗೆ ಸ್ವಲ್ಪ ಕಾರ್ನ್‌ಫ್ಲೋರ್ ಬೆರೆಸಿ ಎಂಬ ಸಲಹೆ. 2 ದೊಡ್ಡ ಚಮಚ ಆರೆಗಾನೊ, ತಲಾ 2 ಚಿಕ್ಕ ಚಮಚ ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ತಲಾ 1 ಚಿಕ್ಕ ಚಮಚ ಥೈಮ್, ಒಣ ಸಬ್ಬಸಿಗೆ, ಕಾಳುಮೆಣಸಿನ ಪುಡಿ. ಇಷ್ಟಕ್ಕೆ ಅರ್ಧ ಚಿಕ್ಕ ಚಮಚ ಕಾರ್ನ್‌ಫ್ಲೋರ್ ಸಾಕು. ತೇವ ಎಳೆಯೋದು ಸೊಪ್ಪಲ್ಲ, ಬೆಳ್ಳುಳ್ಳಿ–ಈರುಳ್ಳಿ ಪುಡಿ. ಅವುಗಳ ಕಣ ಒಂದಕ್ಕೊಂದು ಅಂಟದಂತೆ ಕಾರ್ನ್‌ಫ್ಲೋರ್ ತಡೆಯುತ್ತೆ.

ಅಕ್ಕಿಕಾಳು ಹಾಕಿದ್ದರಿಂದ ಏನೂ ಆಗಲಿಲ್ಲ. ಸೊಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡೋದಂತೂ ಬೇಡವೇ ಬೇಡ, ಘಮವೆಲ್ಲ ಹಾರಿಹೋಗುತ್ತೆ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಅಲ್ಲಾಡಿಸಿದರೆ ಹಬೆ ಒಳಗೆ ಹೋಗುತ್ತೆ, ಚಮಚದಲ್ಲೇ ತೆಗೆಯಿರಿ.

ಹೊಸದಾಗಿ ತಿಳಿದದ್ದು: ಗ್ರೀಕ್ ಆರೆಗಾನೊದ ಆ ಘಾಟು ಕಾರ್ವಕ್ರಾಲ್ ಎಂಬ ತೈಲಾಂಶದ್ದು. ಎಲೆ ಪುಡಿ ಮಾಡಿಡದೆ, ಹಾಕುವಾಗ ಅಂಗೈಯಲ್ಲಿ ತಿಕ್ಕಿದರೆ ಅದು ಚೆನ್ನಾಗಿ ಹೊರಬರುತ್ತೆ.