ಅಪ್‌ಡೇಟ್: ಮುಲುಂಡ್ ಫ್ಲಾಟ್, ಪ್ರೊಬೇಟ್ ಬಂತು, ನೋಂದಣಿಯೂ ಆಯಿತು

ವಿಲ್ ಬರೆದಿಟ್ಟು ತೀರಿಕೊಂಡ ಅಜ್ಜಿಯೊಬ್ಬರ ಮುಂಬೈಯ ಮುಲುಂಡ್ ಫ್ಲಾಟನ್ನು ಪ್ರೊಬೇಟ್‌ಗೆ (ವಿಲ್ ಅಸಲಿ ಎಂದು ಕೋರ್ಟ್ ಕೊಡುವ ದೃಢೀಕರಣಕ್ಕೆ) ಮೊದಲೇ ಕೊಳ್ಳಬಹುದೇ ಎಂದು ಇಲ್ಲಿ ಕೇಳಿದ್ದೆ. ಕಾಯಿರಿ ಎಂದವರಿಗೆಲ್ಲ ಮನಸಾರೆ ಧನ್ಯವಾದ. ಕಾದೆವು.

ಮಾರಲು ಬಂದ ಹಿರಿಯ ಮಗ ಕಟ್ಟಡದ ಹೌಸಿಂಗ್ ಸೊಸೈಟಿಯ ದಾಖಲೆಯಲ್ಲಿ ನಾಮಿನಿ ಅಷ್ಟೇ. ನಾಮಿನಿ ಎಂದರೆ ಮಾಲೀಕನಲ್ಲ ಎಂದು ನಮ್ಮ ವಕೀಲರು ಆರಂಭದಲ್ಲೇ ಖಡಾಖಂಡಿತ ಹೇಳಿದರು. ವಿಲ್‌ನಲ್ಲಿ ಮೂವರು ಮಕ್ಕಳಿಗೂ ಪಾಲಿತ್ತು. ಪ್ರೊಬೇಟ್ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್‌ನ ನೋಟಿಸ್ ಹೋದಾಗ ಮಂಗಳೂರಿನಲ್ಲಿರುವ ಮಗಳು ಕೇವಿಯಟ್ (ಕೋರ್ಟಿಗೆ ಕೊಡುವ ತಕರಾರಿನ ಸೂಚನೆ) ಹಾಕಿ ವಿರೋಧಿಸಿದ್ದರೆ ಅರ್ಜಿಯೇ ದಾವೆಯಾಗಿ ವರ್ಷಗಟ್ಟಲೆ ಎಳೆಯುತ್ತಿತ್ತು. ಆಕೆ ಒಪ್ಪಿಗೆಯ ಅಫಿಡವಿಟ್ ಕೊಟ್ಟರು. ಆ ತಾಯಿಗೆ ನಾವು ಋಣಿ.

2025ರ ಡಿಸೆಂಬರ್‌ನಲ್ಲಿ ಉತ್ತರಾಧಿಕಾರ ಕಾಯ್ದೆಯ 213ನೇ ಕಲಂ ರದ್ದಾದ ಮೇಲೆ ಮುಂಬೈಯಲ್ಲೂ ಪ್ರೊಬೇಟ್ ಕಡ್ಡಾಯವಲ್ಲ. ದಲ್ಲಾಳಿ ಅದನ್ನೇ ಹಿಡಿದು ಅವಸರ ಮಾಡಿದ. ಸಾಲ ಕೊಡುವ ಬ್ಯಾಂಕ್ ಮಾತ್ರ ಒಪ್ಪಲಿಲ್ಲ. ನನಗೂ ಅದೇ ಸರಿ ಅನ್ನಿಸಿತು. ಕಡ್ಡಾಯವಲ್ಲ ಅಂದಮಾತ್ರಕ್ಕೆ ವಿಲ್ ಅಸಲಿಯೇ ಎಂಬ ಪ್ರಶ್ನೆ ತೀರುವುದಿಲ್ಲವಲ್ಲ.

ಪ್ರೊಬೇಟ್ ಸಿಗದಿದ್ದರೆ ಟೋಕನ್ ಹಣ ಪೂರ್ತಿ ವಾಪಸ್ ಎಂದು ಕರಾರಿನಲ್ಲಿ ದಯವಿಟ್ಟು ಬರೆಸಿಕೊಳ್ಳಿ. ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವ ತೆರಿಗೆ) ಕಟ್ಟುವ ಹೊಣೆ ಕೊಳ್ಳುವವರದೇ. ಸೊಸೈಟಿಯಲ್ಲಿ ಷೇರು ಸರ್ಟಿಫಿಕೇಟ್ (ಸೊಸೈಟಿ ಸದಸ್ಯತ್ವದ ಪತ್ರ) ನಮ್ಮ ಹೆಸರಿಗಾಗುವುದೊಂದು ಬಾಕಿ.